ಶ್ರೀಶೈಲಪ್ಪನ ಸಂಡಾಸ ಮತ್ತು ಅವನ ಅಕ್ಕ ಕಾಳವ್ವ

ವಳಸಂಗದಲ್ಲಿ ದೊಡ್ಡವರನ್ನು ಹೊಗಳುವ ಬಾಯಿಗಳಿಗೆ ಬರವಿಲ್ಲ. ಫೇಟಾ ಸುತ್ತಿ ಕುರ್ಚಿಯಲ್ಲಿ ಕೂತವನು ಕೆಮ್ಮಿದರೂ ನಾಲ್ಕು ಜನ ತಲೆದೂಗುತ್ತಾರೆ. ನಾನು ಹೇಳಹೊರಟದ್ದು ಕಾಳವ್ವನ ಬಗ್ಗೆ. ಆಕೆ ಕುರ್ಚಿಯಲ್ಲಿ ಕೂತದ್ದನ್ನು ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನೋಡಲಿಲ್ಲ.

ಕನ್ನಡ ಸಾಲೆಯ ಮಾಸ್ತರನಾಗಿ ನಾನು ಆ ಊರಿಗೆ ಬಂದದ್ದು ೧೯೬೨ರಲ್ಲಿ. ಇರಲು ಸಿಕ್ಕಿದ್ದು ಶ್ರೀಶೈಲಪ್ಪನ ಮನೆಯ ಹೊರಕೋಣೆ. ಶ್ರೀಶೈಲಪ್ಪ ಜೋಳ, ಶೇಂಗಾ, ಬೆಲ್ಲದ ವ್ಯಾಪಾರಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಶಿವಶಿವಾ. ಮನೆಯಲ್ಲಿ ಹೆಂಡತಿ ಚನ್ನವ್ವ, ಬೆಳೆಯುತ್ತಿದ್ದ ಒಬ್ಬಳೇ ಮಗಳು, ಮುದುಕಿ ತಾಯಿ ಸಿದ್ದವ್ವ, ಮತ್ತು ಅಕ್ಕ ಕಾಳವ್ವ. ಕಾಳವ್ವನನ್ನು ಹನ್ನೆರಡನೇ ವರ್ಷಕ್ಕೇ ಯಳವಿ ಎಂಬ ಊರಿಗೆ ಕೊಟ್ಟಿದ್ದರು. ಇಪ್ಪತ್ತೆಂಟಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ, ತವರಿಗೆ ಬಂದಳು. ಬಂದ ಮೇಲೆ ಬೆಳಿಗ್ಗೆ ಸಗಣಿ ಬಾಚುವುದರಿಂದ ಹಿಡಿದು ಅಂಗಡಿಯ ಜೋಳ ಹಸನು ಮಾಡುವವರೆಗೆ ಎಲ್ಲದಕ್ಕೂ ಅವಳೇ. ಓದು ಬರಹ ಬಾರದು, ಯಳವಿಯಿಂದ ಕಾಗದ ಬಂದರೆ ನನ್ನಿಂದ ಓದಿಸಿಕೊಳ್ಳುತ್ತಿದ್ದಳು. ಮನೆಗೆ ಯಾರಾದರೂ ಬಂದರೆ ಶ್ರೀಶೈಲಪ್ಪ, "ನಮ್ಮ ಅಕ್ಕರಿ. ಪಾಪ, ಯಾರೂ ಇಲ್ಲ, ನಾವ ಸಾಕೇವಿ" ಎನ್ನುತ್ತಿದ್ದ. ಯಾರು ಯಾರನ್ನು ಸಾಕುತ್ತಿದ್ದರು ಎಂಬುದು ಹೊರಕೋಣೆಯ ಕಿಟಕಿಯಿಂದ ನನಗೆ ಚೆನ್ನಾಗಿಯೇ ಕಾಣುತ್ತಿತ್ತು.

೧೯೬೭ರಲ್ಲಿ ಮಗಳಿಗೆ ಸಾಂಗಲಿ ಪೇಟೆಯ ಸಂಬಂಧ ಕುದುರುವ ಹಾಗಾಯಿತು. ವರನ ತಂದೆ ಕಾಗದ ಬರೆದು ಒಂದು ಮಾತು ಕೇಳಿದ್ದ: ನಿಮ್ಮಲ್ಲಿ ಸಂಡಾಸ ಇದೆಯೇ? ಆವರೆಗೆ ಇಡೀ ಊರು ತಂಬಿಗೆ ಹಿಡಿದು ಕಳ್ಳಿಬೇಲಿಯ ಮರೆಗೆ ಹೋಗುತ್ತಿತ್ತು, ಯಾರಿಗೂ ಅದರಿಂದ ಮಾನ ಹೋಗಿರಲಿಲ್ಲ. ಶ್ರೀಶೈಲಪ್ಪನ ಮಾನ ಮಾತ್ರ ಆ ಕಾಗದದ ಜೊತೆಗೇ ಹೋಯಿತು. ಮರುವಾರವೇ ಸಾಂಗಲಿಗೆ ಹೋಗಿ ಸಂಡಾಸಕ್ಕೆ ಕೂರಿಸುವ ಬಿಳಿ ಪಿಂಗಾಣಿಯ ಬೋಗುಣಿಯೊಂದನ್ನು ತಂದ. ಎಸ್.ಟಿ. ಬಸ್ಸಿನಲ್ಲಿ ಅದನ್ನು ಕೌದಿಯಲ್ಲಿ ಸುತ್ತಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದನಂತೆ. ಸ್ವಂತ ಮಗಳು ಹುಟ್ಟಿದಾಗಲೂ ಅವನು ಅವಳನ್ನು ಅಷ್ಟು ಜೋಪಾನವಾಗಿ ಎತ್ತಿಕೊಂಡಿರಲಿಕ್ಕಿಲ್ಲ.

ಆಗಲೇ ಅವನು ತಾಯಿಯನ್ನೂ ಅಕ್ಕನನ್ನೂ ಯಳವಿಯ ಒಂದು ಮದುವೆಗೆಂದು ಕಳಿಸಿದ. "ತಿಂಗಳ ಇದ್ದ ಬರ್ರಿ, ಅವಸರ ಏನದ" ಎಂದ. ಅವನು ಯಾರಿಗೂ ತಿಂಗಳ ಬಿಡುವು ಕೊಟ್ಟವನಲ್ಲ. ನಾನಾದರೂ ಯೋಚಿಸಬೇಕಿತ್ತು. ಗೌಂಡಿ ರೇವಪ್ಪ ಬಂದ, ಹಿತ್ತಲ ಮೂಲೆಯಲ್ಲಿದ್ದ ಜೋಳದ ಕಣಕಿಯ ಹಳೆಯ ಬಣವೆಯನ್ನು ಎತ್ತಿ ಹಾಕಿಸಿದ, ಎಂಟು ದಿನದಲ್ಲಿ ಕಲ್ಲಿನ ಕೋಣೆಯೊಂದು ಎದ್ದು ನಿಂತಿತು. ಕಾಯಿ ಒಡೆದು ಪೂಜೆಯಾಯಿತು. ಅರ್ಧ ಊರು ನೋಡಲು ಬಂತು. ಬೋಗುಣಿಯ ತೂತಿನಿಂದ ನೀರು ಬಹಳ ಕೆಳಗೆ ಬಿದ್ದು ಗುಂಯ್ ಎನ್ನುವುದನ್ನು ಕೇಳಿ ಜನ ತಲೆದೂಗಿದರು. ನಾನೂ ದೂಗಿದೆ. ಆಮೇಲೆ ಶ್ರೀಶೈಲಪ್ಪ ಅದಕ್ಕೆ ಕೀಲಿ ಹಾಕಿ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ. ಮನೆಯವರು ಹಿಂದಿನಂತೆ ಕಳ್ಳಿಬೇಲಿಗೇ. ಸಂಡಾಸ ಇದ್ದದ್ದು ಬೀಗರಿಗೆ.

ತಾಯಿ, ಅಕ್ಕ ಯಳವಿಯಿಂದ ಮರಳಿದ ಮರುದಿನವೇ ಬೀಗರು ಬಂದರು. ಊಟವಾದ ಮೇಲೆ ವರನ ತಂದೆ ಗಂಭೀರವಾಗಿ ಒಳಗೆ ಹೋದ. ಅಷ್ಟರಲ್ಲಿ ಸಿದ್ದವ್ವ ಎಲ್ಲಿದ್ದಳೋ, ಓಡಿ ಬಂದು ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದಳು.

"ಹೊರಗ ಬರ್ರೀ! ಸಾಯ್ತೀರಿ! ದೀಪ ಬಿಟ್ಟೀರೇನು ಮೊದಲ? ಏ ಯಾರರೆ ಬರ್ರೋ, ಒಳಗ ಮನಷ್ಯಾ ಅದಾನ!"

ವರನ ತಂದೆ ಧೋತರ ಹಿಡಿದುಕೊಂಡು ಹೊರಗೆ ಬಂದ ರೀತಿ ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಶ್ರೀಶೈಲಪ್ಪನ ಮುಖದಲ್ಲಿ ಮಾತ್ರ ರಕ್ತವೇ ಇರಲಿಲ್ಲ. ತಾಯಿಯ ರಟ್ಟೆ ಹಿಡಿದು ಎಳೆದೊಯ್ದ. "ಅವ್ವಗ ತಲಿ ಸರಿ ಇಲ್ಲರಿ, ವಯಸ್ಸಾಗೇದ" ಎಂದು ಎಲ್ಲರ ಮುಂದೆ ಕೈಮುಗಿದ. ಹುಡುಗಿ ಚಲೋ ಇದ್ದಳು, ಲಗ್ನವಾಯಿತು. ಸಿದ್ದವ್ವನಿಗೆ ಹುಚ್ಚಿ ಎಂಬ ಹೆಸರು ಆವತ್ತೇ ಬಿತ್ತು.

ತಲೆ ಸರಿಯಿರಲಿಲ್ಲ ಎಂಬುದು ಸುಳ್ಳೇನೂ ಅಲ್ಲ. ಯಾಕೆ ಚೀರಿದೆ ಎಂದರೆ ಬಿಡಿಸಿ ಹೇಳಲು ಆಗಲೇ ಆಗುತ್ತಿರಲಿಲ್ಲ, ಒಂದೆರಡು ವರ್ಷದಲ್ಲಿ ಮುದುಕಿಗೆ ಒಂದೊಂದೇ ಮರೆಯುತ್ತ ಹೋಯಿತು. ಚಹಾಕ್ಕೆ ಉಪ್ಪು ಹಾಕಿದಳು. ಸತ್ತ ಗಂಡನಿಗೆ ಎಡೆ ಬಡಿಸಿಟ್ಟು ಕಾದಳು. ಹೊಟ್ಟೆಯಲ್ಲಿ ಹುಟ್ಟಿದ ಕಾಳವ್ವನನ್ನೇ "ನೀ ಯಾವೂರಾಕಿ?" ಎಂದು ಕೇಳತೊಡಗಿದಳು. ೧೯೭೦ರ ಸುಗ್ಗಿಯಲ್ಲಿ ತಂಬಿಗೆ ಹಿಡಿದು ಹೋದವಳು ದಾರಿ ತಪ್ಪಿ ಸನಮಡಿ ರಸ್ತೆಯಲ್ಲಿ ಸಿಕ್ಕಳು. ಇನ್ನೊಂದು ದಿನ ಚಾವಡಿಯ ಮುಂದೆ, ಹಿರಿಯರು ಕೂತಲ್ಲಿ, ಸೀರೆ ಎತ್ತಿ ಕುಳಿತುಬಿಟ್ಟಳು. ಶ್ರೀಶೈಲಪ್ಪ ಹಿತ್ತಲಿನಿಂದ ಹೊರಗೆ ಹೋಗುವ ಬಾಗಿಲಿಗೆ ಕೀಲಿ ಜಡಿದು, ಸಂಡಾಸದ ಕೀಲಿ ತೆಗೆದು ಅಪ್ಪಣೆ ಮಾಡಿದ: "ಇನ್ನ ಮ್ಯಾಲ ಅವ್ವ ಸಂಡಾಸಕ್ಕ ಹೋಗಬೇಕು. ಮನ್ಯಾಗ ಸಂಡಾಸ ಇಟಗೊಂಡ ತಾಯೀನ್ನ ಬೇಲಿಗಿ ಕಳಸ್ತಾನ ಅಂತ ಅನಿಸ್ಕೊಳ್ಳಾಕ ನಾ ತಯಾರಿಲ್ಲ."

ಅಲ್ಲಿಂದ ದಿನಾ ಬೆಳಿಗ್ಗೆ ಎಳೆದಾಟ ಶುರುವಾಯಿತು. ಒಂದು ರಟ್ಟೆ ಮಗ, ಇನ್ನೊಂದು ಸೊಸೆ. ಮುದುಕಿ ಬಾಗಿಲ ಚೌಕಟ್ಟನ್ನು ಹಿಡಿದು ಚೀರುತ್ತಿದ್ದಳು. ಬೆರಳು ಬಿಡಿಸಿದರೆ ಉಗುರು ಕಿತ್ತು ಬರುತ್ತಿತ್ತು. ಒಳಗೆ ದೂಡಿ ಬಾಗಿಲು ಹಾಕಿದರೆ ಗೋಡೆಗೆ ಬೆನ್ನು ಹಚ್ಚಿ, ತೂತಿನಿಂದ ಆದಷ್ಟು ದೂರ ನಿಂತು, ಸೀರೆಯಲ್ಲೇ ಮಾಡಿಕೊಳ್ಳುತ್ತಿದ್ದಳು. ಆ ಸೀರೆ ಒಗೆಯುವವಳು ಕಾಳವ್ವ. ಚನ್ನವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬೇಕಂತ ಮಾಡತಾಳ" ಎನ್ನುತ್ತಿದ್ದಳು.

ಸಲಹೆ ಕೊಡುವವರಿಗೆ ಹಬ್ಬ. ಒಬ್ಬರು ಗಾಳಿ ಬಡಿದಿದೆ ಎಂದು ತಾಯಿತ ಕಟ್ಟಿಸಿದರು. ಇನ್ನೊಬ್ಬರು ಮಂತ್ರಿಸಿದ ವಿಭೂತಿಯನ್ನು ಸಂಡಾಸದ ಹೊಸ್ತಿಲಿಗೆ ಬಳಿಸಿದರು. ಹತ್ತಿರದ ಪೇಟೆ ಜತ್ತಿನ ಡಾಕ್ಟರರು ನಿದ್ದೆಗುಳಿಗೆ ಬರೆದರು. ಔಡಲೆಣ್ಣೆ ಕುಡಿಸಿದರೆ ತಾನಾಗಿ ಓಡಿ ಹೋಗುತ್ತಾಳೆ ಎಂದು ಕಂಡುಹಿಡಿದವನು ಶ್ರೀಶೈಲಪ್ಪನೇ. ಓಡಿದ್ದು ನಿಜ. ನೇರ ಅಂಗಡಿಗೆ ಓಡಿ ಅವನ ಗಾದಿಯ ಮೇಲೆ ಕುಳಿತಳು. ನಾನೂ ಸುಮ್ಮನಿರಲಿಲ್ಲ, ಮಾಸ್ತರನಲ್ಲವೇ. ಸಣ್ಣ ಮಕ್ಕಳಿಗೆ ಕಲಿಸುವಂತೆ ಬೆಲ್ಲದ ಆಸೆ ತೋರಿಸಿ ಎಂದೆ. ಮುದುಕಿ ಬೆಲ್ಲವನ್ನು ನನ್ನ ಮುಖಕ್ಕೇ ಉಗುಳಿದಳು. ಸರಿಯಾಗಿಯೇ ಉಗುಳಿದಳು.

ಆಮೇಲೆ ಸಿದ್ದವ್ವ ಉಣ್ಣುವುದನ್ನು ಬಿಟ್ಟಳು. ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ನುಚ್ಚು, ಆಮೇಲೆ ನೀರನ್ನೂ ತುಟಿಗೆ ಮುಟ್ಟಿಸಿ ತಿರುಗಿಸತೊಡಗಿದಳು. ಕಾಳವ್ವ ಗಲ್ಲ ಹಿಡಿದು ಕೇಳಿದರೆ, "ಉಂಡ್ರ ಅಲ್ಲಿಗಿ ಒಯ್ತಾರ" ಎಂದಳಂತೆ. ಎಲ್ಲ ಮರೆತವಳಿಗೆ ಈ ಲೆಕ್ಕ ಮಾತ್ರ ಪಕ್ಕಾ ಇತ್ತು. ಹತ್ತು ಹನ್ನೆರಡು ದಿನದಲ್ಲಿ ಕೈಯ ಬೆಳ್ಳಿ ಕಡಗ ಮೊಳಕೈ ದಾಟಿ ಮೇಲೇರಿತು. ಕಣ್ಣು ಒಳಗೆ ಹೋದವು. ಡಾಕ್ಟರರು, ಹೀಗೇ ನೀರು ಬಿಟ್ಟರೆ ವಾರ ದಾಟುವುದು ಕಷ್ಟ ಎಂದರು. ಶ್ರೀಶೈಲಪ್ಪ ಮೇಲೆ ನೋಡಿ, "ಶಿವನ ಇಚ್ಛಾ" ಎಂದ. ಚನ್ನವ್ವನಂತೂ ಒಗೆಯುವ ಬಟ್ಟೆ ಕಡಿಮೆಯಾದವು ಎಂದು ಸಮಾಧಾನಪಟ್ಟಳು, ತಾನೇ ಒಗೆಯುತ್ತಿದ್ದವಳ ಹಾಗೆ.

ಕಾಳವ್ವ ಒಬ್ಬಳೇ ಶಿವನ ಮೇಲೆ ಹಾಕಿ ಕೂರಲಿಲ್ಲ.

ಅದು ಜತ್ತಿನ ಸಂತೆಯ ದಿನ. ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಸಾಲೆಗೆ ರಜೆ, ನಾನು ಕೋಣೆಯಲ್ಲಿದ್ದೆ. ಕಾಳವ್ವ ಸಂಡಾಸದ ಬಾಗಿಲು ತೆರೆದಿಟ್ಟು, ತಾಯಿಯನ್ನು ಹಿತ್ತಲಲ್ಲಿ ಬಿಟ್ಟು, ತಾನು ದೂರ ಕಟ್ಟೆಯ ಮೇಲೆ ಕೂತಳು. ನಾನು ಅಲ್ಲಿಗೇ ಹೋಗಿ, "ಏನ್ ಮಾಡಾಕತ್ತೀವ್ವಾ ಕಾಳವ್ವ?" ಎಂದೆ. "ಎಲ್ಲಾರೂ ಎಳದು ನೋಡೀವ್ರಿ ಮಾಸ್ತರ. ಬಿಟ್ಟು ಯಾರೂ ನೋಡಿಲ್ಲ" ಎಂದಳು. ಇಷ್ಟು ಸರಳ ಮಾತು ನನ್ನ ತಲೆಗಾಗಲಿ ಡಾಕ್ಟರರ ತಲೆಗಾಗಲಿ ಹೊಳೆದಿರಲಿಲ್ಲ.

ಸಿದ್ದವ್ವ ಸುತ್ತ ನೋಡಿದಳು, ಯಾರೂ ರಟ್ಟೆ ಹಿಡಿಯಲಿಲ್ಲ. ಆಮೇಲೆ ತಾನಾಗಿ ಆ ಕೋಣೆಯ ಕಡೆ ನಡೆದಳು. ಹತ್ತು ಹೆಜ್ಜೆ ದೂರದಲ್ಲೇ ಚಪ್ಪಲಿ ಕಳಚಿದಳು. ಹೊಸ್ತಿಲ ಬಳಿ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹಿಂದಕ್ಕೆ ತಿರುಗಿ, "ದೀಪ ತಾ, ಹಗ್ಗ ತಾ" ಎಂದಳು. ದನಿಯಲ್ಲಿ ಹೆದರಿಕೆಯಿರಲಿಲ್ಲ, ಮನೆ ಯಜಮಾನಿ ಆಳಿಗೆ ಹೇಳುವ ಗತ್ತು ಇತ್ತು. ಕಾಳವ್ವ ಅಡುಗೆಮನೆಯ ಸಣ್ಣ ಚಿಮಣಿ ಹಚ್ಚಿ ತಂದಳು, ಬಾವಿಯ ಹುರಿಯನ್ನೂ ತಂದಳು. ಸೆರಗು ಹೊದೆಯುವುದನ್ನೂ ಮರೆತ ಮುದುಕಿ, ಚಿಮಣಿ ನೆಟ್ಟಗೆ ನಿಲ್ಲುವ ಹಾಗೆ ಮೂರು ಕಡೆ ಗಂಟು ಹಾಕಿದಳು. ಅದನ್ನು ಪಿಂಗಾಣಿಯ ತೂತಿನಲ್ಲಿ ನಿಧಾನವಾಗಿ ಇಳಿಬಿಟ್ಟಳು. ಎರಡು ಮೊಳ ಇಳಿಯಿತೋ ಇಲ್ಲವೋ, ದೀಪ ನಂದಿತು.

"ನೋಡ, ಆರಿತು. ನಾ ಹೇಳಲಿಲ್ಲಾ? ಇಳಿಬ್ಯಾಡೋ ತುಕಾರಾಮ, ನನ್ನ ಮಾತ ಕೇಳಬ್ಯಾಡ, ಇಳಿಬ್ಯಾಡೋ ನನ್ನಪ್ಪಾ!"

ಹೀಗೆಂದವಳು ಅಲ್ಲೇ ಕುಸಿದು ಹಣೆ ಚಚ್ಚಿಕೊಂಡು ಅಳತೊಡಗಿದಳು. ಕಾಳವ್ವ ತಾಯಿಯನ್ನು ಎದೆಗೆ ಒತ್ತಿಕೊಂಡಳು. ಒಂದು ಕೈಯಲ್ಲಿ ಹುರಿಯನ್ನು ಬಿಡುತ್ತಲೇ ಇದ್ದಳು. ಅದು ಇಳಿಯುತ್ತಲೇ ಇತ್ತು, ಎರಡು ಆಳುದ್ದ ದಾಟಿತು. ಆಗ ನನ್ನ ಕಡೆ ನೋಡಿದಳು.

"ಮಾಸ್ತರ, ಈ ಕಲ್ಲ ಮರಡಿ ನೆಲದಾಗ ಎಂಟ ದಿನಕ್ಕ ಇಷ್ಟ ಆಳ ಯಾರ ತೋಡಿದ್ರು? ತೋಡಿದ ಮಣ್ಣ ಎಲ್ಲಿ ಹೋತು? ಆವಾಗ ನೀವ ಇಲ್ಲೇ ಇದ್ರೆಲ್ಲ?"

ಇದ್ದೆ. ಹಿಡಿ ಮಣ್ಣು ಹೊರಬಿದ್ದದ್ದನ್ನೂ ನಾನು ನೋಡಿರಲಿಲ್ಲ, ನೋಡಿಲ್ಲ ಎಂಬುದೂ ಹೊಳೆದಿರಲಿಲ್ಲ. ಮಕ್ಕಳಿಗೆ ಕ್ಷೇತ್ರಫಲ, ಘನಫಲ ಕಲಿಸುವ ಮಾಸ್ತರ ನಾನು.

ತಾಯಿಯನ್ನು ಒಳಗೆ ಮಲಗಿಸಿದ ಮೇಲೆ ಇಬ್ಬರೂ ರೇವಪ್ಪನ ಬಳಿ ಹೋದೆವು. ಅವನು ಒಂದು ಗೋಡೆಗೆ ಕಲ್ಲು ಕೂರಿಸುತ್ತಿದ್ದ. ಕಾಳವ್ವ ಕೇಳಿದ ಕೂಡಲೇ ಕರಣಿ ಕೆಳಗಿಟ್ಟು ತಲೆ ತಗ್ಗಿಸಿದ. "ಅದು ನಿಮ್ಮ ಹಗೇವು ಕಾಳವ್ವಕ್ಕಾ. ಬಣವಿ ತಳಗ ಇತ್ತು. ಸಾವಕಾರ್ರ ತಾವ ತೋರಿಸಿ, ತೋಡೂದ್ಯಾಕ, ಇದರ ಬಾಯಿ ಮ್ಯಾಲ ಬೋಗುಣಿ ಕೂಡಸು ಅಂದ್ರು. ಯಾರಿಗೂ ಹೇಳಬ್ಯಾಡಂತ ಲಿಂಗ ಮುಟ್ಟಿಸಿ ಆಣಿ ಹಾಕಿಸ್ಕೊಂಡ್ರು."

ಹಗೇವು ಎಂದರೆ ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಜೋಳ ತುಂಬಿ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ತೆರೆದು ಒಂದು ದಿನ ಬಿಟ್ಟು, ದೀಪ ಇಳಿಸಿ, ಅದು ಉರಿದರೆ ಮಾತ್ರ ಆಳು ಇಳಿಯಬೇಕು. ಸಿದ್ದವ್ವ ಮನೆ ನಡೆಸುತ್ತಿದ್ದ ಕಾಲದಲ್ಲಿ, ಕಾಳವ್ವ ಇನ್ನೂ ತೊಟ್ಟಿಲ ಕೂಸು, ಮನೆಗೆ ಅವಸರದ ನೆಂಟರು ಬಂದರಂತೆ. ದೀಪಕ್ಕೆಲ್ಲ ಹೊತ್ತಿಲ್ಲ, ಲಗೂನ ಇಳಿ ಎಂದು ಸಿದ್ದವ್ವ ಆಳುಮಗ ತುಕಾರಾಮನಿಗೆ ಹೇಳಿದಳು. ಅವನು ಇಳಿದ, ಮೇಲೆ ಬರಲಿಲ್ಲ. ಹೆಣ ಎತ್ತಿದವರಲ್ಲಿ ರೇವಪ್ಪನ ಕಾಕಾನೂ ಒಬ್ಬ. ಆ ಮೇಲೆ ಆಕೆ ಮುಂದೆ ನಿಂತು ದೀಪ ಬಿಡದೆ ಯಾರನ್ನೂ ಹತ್ತಿರ ಸೇರಿಸಲಿಲ್ಲ, ಸಣ್ಣ ಮಗಳನ್ನಂತೂ ಆ ಕಡೆ ಸುಳಿಯಗೊಡಲಿಲ್ಲ. ಕಾಳು ಚೀಲಕ್ಕೆ ಬಂದ ಮೇಲೆ ಹಗೇವು ಬರಿದಾಯಿತು, ಮೇಲೆ ಬಣವೆ ಕೂತಿತು, ಮಂದಿ ಮರೆತರು. ಹನ್ನೆರಡಕ್ಕೇ ಯಳವಿಗೆ ಹೋದ ಕಾಳವ್ವನಿಗೆ ಅದು ಹಿತ್ತಲಲ್ಲಿ ಎಲ್ಲಿತ್ತೆಂದೇ ತಿಳಿದಿರಲಿಲ್ಲ. ಮಗಳ ಹೆಸರು ಮರೆತ ಮುದುಕಿಗೆ ಆ ಬಾಯಿ ನೆನಪಿತ್ತು. ಯಾರನ್ನು ಅಲ್ಲಿಗೆ ಎಳೆದರೂ, ತನ್ನನ್ನು ಎಳೆದರೂ, ಇನ್ನೊಂದು ಹೆಣ ಬೀಳುತ್ತದೆ ಎಂದು ಚೀರುತ್ತಿದ್ದಳು.

ಊರೆಲ್ಲ ಹುಚ್ಚಿ ಎಂದವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಶಾಣ್ಯಾ ಎನಿಸಿಕೊಂಡ ನಾವು ಅದಕ್ಕೆ ಔಡಲೆಣ್ಣೆ ಕುಡಿಸಿದ್ದೆವು.

ಸಂಜೆ ಶ್ರೀಶೈಲಪ್ಪ ಸಂತೆಯಿಂದ ಬಂದು ಪಡಸಾಲೆಯ ಗಾದಿಯ ಮೇಲೆ ಕೂತ. ಕಾಳವ್ವ ಎದುರು ನಿಂತು, "ಹಗೇವಿನ ಮ್ಯಾಲ ಕಟ್ಟಿಸೀಯೇನು?" ಎಂದಳು. ಅವನು ಮೊದಲು ನೋಡಿದ್ದು ಬೀದಿಯ ಕಡೆಗೆ, ಯಾರಾದರೂ ಕೇಳಿಸಿಕೊಂಡರೇನೋ ಎಂದು.

"ಮೆಲ್ಲಗ ಮಾತಾಡಕ್ಕಾ. ಜೋಳದ ಹಗೇವಿನಾಗ ಸಂಡಾಸ ಮಾಡ್ಯಾನಂತ ಗೊತ್ತಾದ್ರ ನನ್ನ ಅಂಗಡಿ ಕಾಳ ಯಾರ ಮುಟ್ಟತಾರ? ಲಕ್ಷ್ಮೀ ಇದ್ದ ಜಾಗಾ ಅಂತಾರ, ಬಹಿಷ್ಕಾರ ಹಾಕ್ತಾರ. ಅವ್ವ ಮೊದಲನೇ ದಿನ ಚೀರಿದಾಗ ನನ್ನ ಜೀವಾನ ಹೋಗಿತ್ತು."

ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ತಾಯಿತ ಕಟ್ಟಿಸುವಾಗ ಗೊತ್ತಿತ್ತು. ಚೌಕಟ್ಟಿನಿಂದ ತಾಯಿಯ ಬೆರಳು ಬಿಡಿಸುವಾಗ ಗೊತ್ತಿತ್ತು. ಉಪವಾಸ ಬಿದ್ದ ತಾಯಿಯನ್ನು ನೋಡಿ ಶಿವನ ಇಚ್ಛೆ ಎನ್ನುವಾಗಲೂ ಗೊತ್ತಿತ್ತು. ಕೋಣೆಯಲ್ಲಿ ಕೂತು ಕೇಳುತ್ತಿದ್ದ ನನಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಿ ನಾಲ್ಕು ಮಾತು ಅಂದೆನೇ? ಇಲ್ಲ. ಕಿಟಕಿಯನ್ನು ಇನ್ನಷ್ಟು ತೆರೆದುಕೊಂಡೆ, ಅಷ್ಟೇ.

ಕಾಳವ್ವ ಕೂಗಾಡಲಿಲ್ಲ. ಕೈ ಚಾಚಿದಳು. "ಊರಿಗಿ ಹೇಳೂದಿಲ್ಲ. ಹಿತ್ತಲ ಬಾಗಲದ ಕೀಲಿಕೈ ಕೊಡು."

ಅವನು ಕೊಟ್ಟ. ಅಷ್ಟು ಬೇಗ ಅವನು ಏನನ್ನಾದರೂ ಕೊಟ್ಟದ್ದನ್ನು ನಾನು ಆ ಮೊದಲು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಳವ್ವ ಹಾರೆ ಹಿಡಿದು ಹಿತ್ತಲಾಚೆ ಹೊಂಗೆಯ ನೆರಳಿಗೆ ಹೋದಳು. ನಲವತ್ತೈದು ದಾಟಿದ ಹೆಂಗಸು. ಆ ನೆಲವೋ, ಹಾರೆ ಹಾಕಿದರೆ ಕಿಡಿ ಹಾರುವಂಥದ್ದು. ತಾಯಿಯನ್ನು ಪಕ್ಕದಲ್ಲೇ ಕೌದಿಯ ಮೇಲೆ ಕೂರಿಸಿಕೊಂಡು ತೋಡಿದಳು. ಆಳು ಕರೆಯಲಿಲ್ಲ, ಕರೆದರೆ ಮನೆಯಲ್ಲಿ ಒಂದು ಸಂಡಾಸ ಇದ್ದೂ ಇನ್ನೊಂದು ಯಾಕೆ ಎಂಬ ಪ್ರಶ್ನೆ ಬರುತ್ತದೆ. ನಾನು ಸಲಿಕೆ ತೆಗೆದುಕೊಂಡು ಹೋದೆ. "ನೀವ ಸಾಲಿಗಿ ನಡೀರಿ" ಎಂದಳು. ಮೊಳಕಾಲುದ್ದದ ಕುಣಿಗೆ ಎರಡು ದಿನ ಹಿಡಿಯಿತು. ಎರಡು ಹಾಸುಗಲ್ಲು ಇಟ್ಟಳು, ಸುತ್ತ ಜೋಳದ ಕಣಕಿಯ ತಡಿಕೆ ಕಟ್ಟಿದಳು, ಮೇಲೆ ತೆರೆದೇ ಬಿಟ್ಟಳು.

ಸಿದ್ದವ್ವ ಎರಡೂ ದಿನ ಒಳಗೆ ಇಣುಕಿ ಇಣುಕಿ ನೋಡುತ್ತಿದ್ದಳು. ತಳ ಕಾಣುತ್ತಿತ್ತು. ಮಗಳು ಅದರಲ್ಲಿ ಇಳಿಯುತ್ತಿದ್ದಳು, ಹತ್ತುತ್ತಿದ್ದಳು, ಜೀವಂತವಾಗಿ. ಮೂರನೆಯ ಬೆಳಿಗ್ಗೆ ಕಾಳವ್ವ ತಾಯಿಯನ್ನು ಕಲ್ಲಿನ ಮೇಲೆ ಕೂರಿಸಿ, ತಾನೂ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಹಿಡಿದುಕೊಂಡಳು. "ನಾ ಹಿಡದೀನವ್ವಾ" ಎನ್ನುವುದು ತಡಿಕೆಯಾಚೆಗೂ ಕೇಳುತ್ತಿತ್ತು. "ನೀ ಯಾವೂರಾಕಿ?" ಎಂದಳು ಮುದುಕಿ. "ಯಳವ್ಯಾಕಿ" ಎಂದಳು ಕಾಳವ್ವ. "ಯಳವ್ಯಾಗ ನನ್ನ ಮಗಳನ್ನ ಕೊಟ್ಟೇವು, ಗೊತ್ತೇನು?" "ಗೊತ್ತವ್ವಾ, ಆರಾಮ ಅದಾಳ." ಹೀಗೆ ಮಾತಾಡುತ್ತಲೇ ಮುದುಕಿಗೆ ಹಗುರಾಯಿತು.

ಆವತ್ತು ಮಧ್ಯಾಹ್ನ ಸಿದ್ದವ್ವ ತಾನಾಗಿ, "ಹಸಿವ್ಯಾಗೇದ" ಎಂದಳು. ನುಚ್ಚು ಮಜ್ಜಿಗೆ ಕಲಸಿ ಒಂದು ಬಟ್ಟಲು ಕೊಟ್ಟರೆ ಖಾಲಿ ಮಾಡಿ ಇನ್ನೊಂದು ಕೇಳಿದಳು. ಕಾಳವ್ವ ಉಣಿಸುತ್ತ ಉಣಿಸುತ್ತ ಅತ್ತಳು. ನನಗೂ ಅಳು ಬಂತು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮುದುಕಿ ಆಮೇಲೆ ನಾಲ್ಕು ವರ್ಷ ಬದುಕಿದಳು, ಕಡೆಯ ವರ್ಷದ್ದು ನಾನು ಕೇಳಿ ತಿಳಿದದ್ದು. ಕುಣಿ ತುಂಬಿದ ಹಾಗೆ ಮುಚ್ಚಿ ಪಕ್ಕದಲ್ಲಿ ಹೊಸದು ತೋಡುವುದು, ದಿನಾ ಬೂದಿ ಸುರಿಯುವುದು, ಎದುರು ಕೂತು ಕೈ ಹಿಡಿಯುವುದು ಎಲ್ಲ ಕಾಳವ್ವನದೇ. ಚನ್ನವ್ವ ಆ ಕಡೆ ತಲೆ ಹಾಕಲಿಲ್ಲ.

ಮರುವರ್ಷ ಊರಲ್ಲಿ ಸ್ವಚ್ಛತೆಯ ಗಾಳಿ ಬೀಸಿತು. ನಾಲ್ಕು ಜನ ಹಿರಿಯರು ಸೇರಿ ಒಂದು ಸತ್ಕಾರ ಸಮಿತಿ ಮಾಡಿದರು. ಸಂಡಾಸ ಕಟ್ಟಿಸಿದವನಿಗೆ ಸತ್ಕಾರವಾಗಬೇಕು ಎಂದು ಸೂಚಿಸಿದವರು ಯಾರೋ ತಿಳಿಯದು. ಸಮಿತಿಯ ಚಹಾ ಫರಾಳವೆಲ್ಲ ಶ್ರೀಶೈಲಪ್ಪನದೇ ಆಗಿತ್ತು. ಮಾನಪತ್ರ ಬೇಕಲ್ಲ, ಬರೆಯಲು ಊರಲ್ಲಿ ಇನ್ನಾರು? ನನ್ನ ಬಳಿ ಬಂದರು. ಒಲ್ಲೆ ಎನ್ನಬಹುದಿತ್ತು. ಕೋಣೆ ಬಿಡಬೇಕಾಗುತ್ತದೆ ಎಂಬ ಅಂಜಿಕೆ ಒಂದು. ನನ್ನ ದುಂಡು ಅಕ್ಷರಗಳ ಮೇಲೆ, ಸಂಸ್ಕೃತ ಬೆರೆಸಿದ ನನ್ನ ವಾಕ್ಯಗಳ ಮೇಲೆ ನನಗಿದ್ದ ಮೋಹ ಇನ್ನೊಂದು. ಎರಡು ದಿನ ಕೂತು ಬರೆದೆ. ಸಭೆಯಲ್ಲಿ ನಾನೇ ಓದಿದೆ. ಶ್ರೀಶೈಲಪ್ಪ ಫೇಟಾ ಸುತ್ತಿಸಿಕೊಂಡು ಕಣ್ಣೊರೆಸಿಕೊಂಡ. ಜನ ಚಪ್ಪಾಳೆ ತಟ್ಟಿದರು.

ಕಾಳವ್ವ ಸಭೆಗೆ ಬಂದಿರಲಿಲ್ಲ, ತಾಯಿಯನ್ನು ಬಿಟ್ಟು ಬರುವ ಹಾಗಿರಲಿಲ್ಲ. ಮರುದಿನ ಪಡಸಾಲೆಯಲ್ಲಿ ಗಾಜು ಹಾಕಿ ತೂಗುಬಿಟ್ಟ ಆ ಮಾನಪತ್ರವನ್ನು ನೋಡಿ, "ಇದರಾಗ ಏನ ಬರದದ? ನನಗೂ ಓದಿ ಹೇಳ್ರಿ ಮಾಸ್ತರ" ಎಂದಳು. ತಪ್ಪಿಸಿಕೊಳ್ಳಲು ಆಗಲಿಲ್ಲ. "ಜನ್ಮದಾತೆಯ ವೃದ್ಧಾಪ್ಯದ ಸಂಕಟವನ್ನು ಕಂಡು ಕರಗಿದ ಹೃದಯದವರಾಗಿ, ಆಕೆಯ ಸುಖಕ್ಕೆಂದೇ ಸ್ವಗೃಹದಲ್ಲಿ ಶೌಚಾಲಯವನ್ನು ನಿರ್ಮಿಸಿ, ಹಗಲಿರುಳು ಆಕೆಯ ಸೇವೆಗೈಯುತ್ತಿರುವ ಮಾತೃಭಕ್ತರೇ" ಎಂದು ಓದಿದೆ. ಕೊನೆಯವರೆಗೂ ಓದಿದೆ. ಕಾಳವ್ವ ಬೂದಿಯ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಪೂರ್ತಿ ಕೇಳಿದಳು.

"ಯಾರ ಬರದಾರ್ರಿ ಇದನ್ನ?"

"ನಾನೇ" ಎಂದೆ.

ಆಕೆ ಹೂಂ ಎಂದು ಹಿತ್ತಲಿಗೆ ಹೋದಳು. ನನಗೆ ವರ್ಗವಾಗುವವರೆಗೆ ಎರಡು ವರ್ಷ ಅದೇ ಮನೆಯಲ್ಲಿದ್ದೆ. ಮೊದಲಿನ ಹಾಗೆಯೇ ಬಿಸಿ ರೊಟ್ಟಿ ತಂದು ಕೊಡುತ್ತಿದ್ದಳು, ಮೊದಲಿನ ಹಾಗೆಯೇ ಮಾತಾಡಿಸುತ್ತಿದ್ದಳು. ಯಳವಿಯಿಂದ ಕಾಗದ ಬಂದರೆ ಮಾತ್ರ ಅದನ್ನು ಸೆರಗಿಗೆ ಕಟ್ಟಿಕೊಂಡು, ನನ್ನ ಕೋಣೆಯ ಮುಂದೆಯೇ ಹಾದು, ಓದಿಸಿಕೊಳ್ಳಲು ಊರ ಆ ತುದಿಯ ಅಂಚೆಯವನ ಮನೆಗೆ ಹೋಗುತ್ತಿದ್ದಳು.